ಹಿತ್ತಲಿನಲ್ಲಿ ಹಿಡಿ ಹಿಡಿಯಾಗಿ ಬರುವ ಕಾಯಿಪಲ್ಲೆಯಲ್ಲಿ ಆರು ಮಂದಿಗೆ ರಾತ್ರಿ ಊಟ ಮಾಡುವುದು ಹೇಗೆ?

ಹೀರೇಬಳ್ಳಿ, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೊಪ್ಪಳದ ಊರಂಚಿನಲ್ಲಿದೆ. ಹಿತ್ತಲು ದೊಡ್ಡದಲ್ಲ, ಹಗ್ಗ ಹಿಡಿದು ಅಳೆದರೆ 18 ಅಡಿ ಉದ್ದ, 12 ಅಡಿ ಅಗಲ. ಮಣ್ಣು ಮಸಾರಿ. ಎರಡು ವರ್ಷ ತಿಪ್ಪೆಗೊಬ್ಬರ ಹಾಕಿ ಹದ ಮಾಡಿಕೊಂಡ ಮೇಲೆ ಈ ಸಲ ಮೃಗಶಿರಾ ಮಳೆ ಬಿದ್ದ ವಾರದಲ್ಲೇ ಬೀಜ ಹಾಕಿದೆ. ಗೋಡೆಗೆ ಎರಡು ಹೀರೇಬಳ್ಳಿ, ನಡುವೆ ಆರು ಬದನೆ ಗಿಡ, ಚವಳಿಕಾಯಿ (ಗೋರಿಕಾಯಿ) ಒಂದು ಸಾಲು, ಬೆಂಡೆ ಒಂದು ಸಾಲು, ನೀರು ಹರಿದು ಹೋಗುವ ಕಡೆ ಪುಂಡಿ ಸೊಪ್ಪು ಮತ್ತು ಮೆಂತ್ಯೆಗೆ ಒಂದೊಂದು ಮಡಿ. ಈಗ ಗಣೇಶನ ಹಬ್ಬ ಮುಗಿದಿದೆ, ಹುಬ್ಬಿ ಮಳೆ ಚೆನ್ನಾಗಿಯೇ ಆಗಿದೆ, ಎಲ್ಲವೂ ಒಟ್ಟಿಗೆ ಕಾಯಿ ಬಿಡುತ್ತಿವೆ.

ನನ್ನ ತೊಂದರೆ ಇರುವುದು ಬೆಳೆಯುವುದರಲ್ಲಲ್ಲ, ಬೆಳೆದದ್ದನ್ನು ಅಡುಗೆಗೆ ಹೊಂದಿಸುವುದರಲ್ಲಿ. ಸಂತೆಯಿಂದ ತಂದರೆ ಒಂದು ಕಿಲೋ ಬದನೆಕಾಯಿ ತರುತ್ತೇವೆ, ಒಂದು ಪಲ್ಯ ಆಗುತ್ತದೆ, ಅಲ್ಲಿಗೆ ಮುಗಿಯಿತು. ಹಿತ್ತಲು ಹಾಗೆ ಕೊಡುವುದಿಲ್ಲ. ನಿನ್ನೆ ಸಂಜೆ ಬುಟ್ಟಿಯಲ್ಲಿ ಸಿಕ್ಕಿದ್ದು ಎರಡು ಹೀರೇಕಾಯಿ, ಐದು ಬದನೆಕಾಯಿ, ಒಂದು ಹಿಡಿ ಚವಳಿಕಾಯಿ, ಒಂಬತ್ತು ಬೆಂಡೆಕಾಯಿ. ಮನೆಯಲ್ಲಿ ಉಣ್ಣುವವರು ಆರು ಮಂದಿ: ಅತ್ತೆ, ಮಾವ, ನಾವಿಬ್ಬರು, ಏಳು ಮತ್ತು ಹನ್ನೊಂದು ವರ್ಷದ ಮಕ್ಕಳು. ಯಾವುದನ್ನು ತೆಗೆದುಕೊಂಡರೂ ಒಂದರಿಂದ ಎಲ್ಲರಿಗೂ ಪಲ್ಯ ಆಗುವುದಿಲ್ಲ. ನಾಲ್ಕು ಬಗೆಯ ಪಲ್ಯವನ್ನು ನಾಲ್ಕು ಬೋಗುಣಿಯಲ್ಲಿ ಮಾಡುವಷ್ಟು ಹೊತ್ತು ನನಗಿಲ್ಲ. ಶಾಲೆಯ ಕೆಲಸ ಮುಗಿಸಿ ಮನೆ ಸೇರುವಾಗ ಆರು ಗಂಟೆ, ಎಂಟೂವರೆಗೆ ಮಾವನವರಿಗೆ ಊಟ ಆಗಬೇಕು, ಅಷ್ಟರಲ್ಲಿ ರೊಟ್ಟಿಯನ್ನೂ ತಟ್ಟಬೇಕು. ಕೂಡಿಟ್ಟು ಮಾಡೋಣವೆಂದರೆ ಮೂರನೆಯ ದಿನಕ್ಕೆ ಹೀರೇಕಾಯಿ ಬಾಡಿ ಬೆಂಡೆಕಾಯಿ ನಾರಾಗುತ್ತದೆ.

ಇನ್ನೂ ಎರಡು ಮಾತು ಕೇಳಬೇಕು. ಪುಂಡಿ ಮಡಿ ತುಂಬಿ ನಿಂತಿದೆ, ಆದರೆ ಮಕ್ಕಳು ಹುಳಿ ಎಂದು ತಟ್ಟೆಯ ಅಂಚಿಗೆ ಸರಿಸುತ್ತಾರೆ. ಕಳೆದ ಸೋಮವಾರ ಹೀರೇಕಾಯಿ ಪಲ್ಯ ಮಾಡಿದ್ದೆ. ಮೂರು ಕಾಯಿಯಲ್ಲಿ ಒಂದು ಕಹಿ ಇತ್ತೆಂದು ಕಾಣುತ್ತದೆ, ಇಡೀ ಪಲ್ಯವೇ ಕಹಿಯಾಗಿ ಎಲ್ಲವನ್ನೂ ಚೆಲ್ಲಬೇಕಾಯಿತು. ಮೂರು ತಿಂಗಳು ನೀರು ಹಾಕಿ ಸಾಕಿದ ಬಳ್ಳಿಯ ಕಾಯಿಯನ್ನು ಹಾಗೆ ಚೆಲ್ಲುವಾಗ ಬಹಳ ಸಂಕಟವಾಯಿತು. ಅನುಭವ ಇರುವವರು ದಯವಿಟ್ಟು ತಿಳಿಸಿ.

ಒಲೆಮುಂದೆ, ರಾಯಚೂರು

ತಂಗೀ, ನಿನ್ನ ಪ್ರಶ್ನೆ ಓದಿ ನನ್ನ ಅತ್ತೆಯವರ ಅಡುಗೆಮನೆ ಕಣ್ಣ ಮುಂದೆ ಬಂತು. ಮಾನ್ವಿ ಕಡೆಯ ಹಳ್ಳಿಯಲ್ಲಿ ನಾವು ಹನ್ನೆರಡು ಮಂದಿ ಇದ್ದೆವು, ಹೊಲದಿಂದ ಬರುತ್ತಿದ್ದುದು ನೀನು ಹೇಳಿದ ಹಾಗೆಯೇ, ಸೆರಗಿನಲ್ಲಿ ಕಟ್ಟಿಕೊಂಡು ತಂದ ಹಿಡಿ ಹಿಡಿ ಕಾಯಿ. ಅವರು ಯಾವತ್ತೂ ಇಂದು ಬದನೆಕಾಯಿ ಪಲ್ಯ, ನಾಳೆ ಹೀರೇಕಾಯಿ ಪಲ್ಯ ಎಂದು ಅಡುಗೆ ಶುರು ಮಾಡುತ್ತಿರಲಿಲ್ಲ. ಮೊದಲು ಮಸಾಲೆ ಅರೆದಿಡುತ್ತಿದ್ದರು, ಅದಕ್ಕೆ ಯಾವ ಕಾಯಿ ಬಂದರೂ ಸೇರುತ್ತಿತ್ತು. ನಿನ್ನ ನಿನ್ನೆಯ ಬುಟ್ಟಿಯನ್ನೇ ಇಟ್ಟುಕೊಂಡು ಹೇಳುತ್ತೇನೆ.

ಒಂದು ದೊಡ್ಡ ಹಿಡಿ ಶೇಂಗಾ, ಎರಡು ಚಮಚ ಗುರೆಳ್ಳು, ಎರಡು ಚಮಚ ಎಳ್ಳು, ಇವನ್ನು ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿ. ಗುರೆಳ್ಳು ಬೇಗ ಸೀಯುತ್ತದೆ ಮತ್ತು ಸೀದರೆ ಕಹಿಯಾಗುತ್ತದೆ, ಆದ್ದರಿಂದ ಅದು ಚಟಪಟ ಅಂದ ಕೂಡಲೇ ಇಳಿಸಿಬಿಡು. ಒಂದು ತುಂಡು ಒಣಕೊಬ್ಬರಿ, ಸುಟ್ಟ ಉಳ್ಳಾಗಡ್ಡಿ ಒಂದು, ಬೆಳ್ಳುಳ್ಳಿ ಏಳೆಂಟು ಎಸಳು, ಖಾರಪುಡಿ, ಅರಿಶಿಣ, ನೆನೆಸಿದ ಹುಣಸೆಹಣ್ಣು, ಅಡಿಕೆಯಷ್ಟು ಬೆಲ್ಲ, ಉಪ್ಪು, ಎಲ್ಲವನ್ನೂ ಕೂಡಿಸಿ ತರಿತರಿಯಾಗಿ ಅರೆ. ನುಣ್ಣಗೆ ಅರೆದರೆ ರಸ ಅಂಟಂಟಾಗುತ್ತದೆ, ತರಿ ಇದ್ದರೆ ರೊಟ್ಟಿಯ ಮೇಲೆ ನಿಲ್ಲುತ್ತದೆ.

ಇನ್ನು ಕಾಯಿಗಳನ್ನು ಹಾಕುವುದರಲ್ಲಿ ಒಂದು ಕ್ರಮವಿದೆ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಹೀರೇಕಾಯಿ ಕರಗಿ ಹೋಗಿರುತ್ತದೆ, ಚವಳಿಕಾಯಿ ಹಲ್ಲಿಗೆ ಸಿಕ್ಕುತ್ತಿರುತ್ತದೆ. ಚವಳಿಕಾಯಿಯ ಎರಡೂ ಬದಿಯ ನಾರು ತೆಗೆದು ಮುರಿದು, ಸ್ವಲ್ಪ ಉಪ್ಪು ಹಾಕಿದ ನೀರಿನಲ್ಲಿ ಅರ್ಧ ಬೇಯಿಸಿಕೋ. ಅದು ಬೇಯುವಷ್ಟರಲ್ಲಿ ಐದು ಬದನೆಕಾಯಿಯನ್ನು ತೊಟ್ಟು ಉಳಿಸಿಕೊಂಡು ನಾಲ್ಕು ಸೀಳು ಮಾಡಿ ಮಸಾಲೆ ತುಂಬು. ಬೋಗುಣಿಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಕರಿಬೇವು ಹಾಕಿ ಬದನೆಕಾಯಿಯನ್ನು ಹೊರಳಿಸಿ ಬಾಡಿಸು. ಸಿಪ್ಪೆಯ ಬಣ್ಣ ಮಾಸಿದಾಗ ಚವಳಿಕಾಯಿಯನ್ನು ಅದು ಬೆಂದ ನೀರಿನ ಸಮೇತ ಹಾಕು, ಉಳಿದ ಮಸಾಲೆಯನ್ನೂ ಹಾಕು. ಬದನೆಕಾಯಿ ತೊಟ್ಟಿನ ಹತ್ತಿರ ಮೆತ್ತಗಾದ ಮೇಲೆ ಹೀರೇಕಾಯಿ ಹೋಳು ಹಾಕಿ ಮುಚ್ಚು. ಹೀರೇಕಾಯಿ ತಾನೇ ನೀರು ಬಿಡುತ್ತದೆ, ಮತ್ತೆ ನೀರು ಹಾಕಬೇಡ. ಅದು ಬೆಂದು ಕುಗ್ಗಿದ ಮೇಲೆಯೇ ಉಪ್ಪಿನ ರುಚಿ ನೋಡು. ಹಸಿ ಹೋಳು ನೋಡಿ ಉಪ್ಪು ಹಾಕಿದರೆ ಪ್ರತಿ ಸಲವೂ ಹೆಚ್ಚಾಗುತ್ತದೆ. ಇದು ಆರು ಮಂದಿಗೆ ಜೋಳದ ರೊಟ್ಟಿಯ ಜೊತೆ ಸಾಲುತ್ತದೆ, ಉಳಿದ ರಸ ಅನ್ನಕ್ಕೂ ಆಗುತ್ತದೆ.

ಬೆಂಡೆಕಾಯಿಯನ್ನು ಮಾತ್ರ ಇದರಲ್ಲಿ ಸೇರಿಸಬೇಡ, ಲೋಳೆ ಬಿಟ್ಟು ರಸ ಕೆಡಿಸುತ್ತದೆ. ಒಂಬತ್ತು ಕಾಯಿಯನ್ನು ತೊಳೆದು ಬಟ್ಟೆಯಲ್ಲಿ ಪೂರ್ತಿ ಒರೆಸಿ, ಬಿಲ್ಲೆಯಾಗಿ ಹೆಚ್ಚಿ, ರೊಟ್ಟಿ ಮಾಡಿದ ಬಿಸಿ ಹಂಚಿನ ಮೇಲೆಯೇ ಎಣ್ಣೆ ಹಾಕಿ ಹುರಿದು, ತಣಿದ ಮೇಲೆ ಮೊಸರಿಗೆ ಹಾಕು. ಅತ್ತೆ ಮಾವನವರಿಗೆ ಅನ್ನದ ಜೊತೆ ಹಿತವಾಗಿರುತ್ತದೆ.

ಪುಂಡಿಯ ವಿಷಯ. ನಿಮ್ಮ ಮಡಿಯಲ್ಲಿರುವುದು ಕೆಂಪು ಕಾಂಡದ್ದೋ, ಹಸಿರು ಕಾಂಡದ್ದೋ ನೋಡು. ಕೆಂಪು ಕಾಂಡದ್ದು ಹುಳಿ ಹೆಚ್ಚು. ಎಲೆಯನ್ನು ಮಾತ್ರ ಬಿಡಿಸಿ ನೀರಿನಲ್ಲಿ ಒಂದು ಕುದಿ ಬರಿಸಿ ಆ ನೀರನ್ನು ಬಸಿದುಬಿಟ್ಟರೆ ಹುಳಿ ಬಹಳಷ್ಟು ಇಳಿಯುತ್ತದೆ. ತೊಗರಿಬೇಳೆ ಮತ್ತು ಎರಡು ಹಿಡಿ ಜೋಳದ ನುಚ್ಚನ್ನು ಬೇರೆಯಾಗಿ ಮೆತ್ತಗೆ ಬೇಯಿಸಿಕೊಂಡು, ಆಮೇಲೆ ಪುಂಡಿ ಸೇರಿಸಬೇಕು. ಹುಳಿಯ ಜೊತೆ ಹಾಕಿದರೆ ಬೇಳೆ ಎಷ್ಟು ಹೊತ್ತಾದರೂ ಗಟ್ಟಿಯಾಗಿಯೇ ಉಳಿಯುತ್ತದೆ; ಹೊಸದಾಗಿ ಮಾಡುವವರ ಪುಂಡಿಪಲ್ಯ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಹಸಿಮೆಣಸಿನಕಾಯಿ ಹಾಕಿ ಕುದಿಸಿ, ಸೌಟಿನ ಬೆನ್ನಿನಿಂದ ಚೆನ್ನಾಗಿ ನುರಿಸಿ, ಬೆಳ್ಳುಳ್ಳಿಯನ್ನು ಜಜ್ಜಿ ಕೆಂಪಗಾಗುವ ತನಕ ಹುರಿದು ಒಗ್ಗರಣೆ ಕೊಡು. ಬೆಳ್ಳುಳ್ಳಿಯಲ್ಲಿ ಕೈ ಬಿಗಿ ಮಾಡಬೇಡ, ಒಂದು ಇಡೀ ಗಡ್ಡೆ ಇರಲಿ. ಅಲ್ಯುಮಿನಿಯಂ ಪಾತ್ರೆಯಲ್ಲಿ ಹುಳಿ ಕುದಿಸುವುದು ಒಳ್ಳೆಯದಲ್ಲ. ಸ್ಟೀಲು ಇಲ್ಲವೇ ಮಣ್ಣಿನ ಗಡಿಗೆ ಬಳಸು. ಮಕ್ಕಳಿಗೆ ಮೊದಲ ಸಲ ನುಚ್ಚು ಹೆಚ್ಚು, ಪುಂಡಿ ಕಡಿಮೆ ಹಾಕಿ, ಮೇಲೆ ಬೆಣ್ಣೆಯೋ ಹಸಿ ಶೇಂಗಾ ಎಣ್ಣೆಯೋ ಹಾಕಿ ಸಜ್ಜೆ ರೊಟ್ಟಿಯ ಜೊತೆ ಕೊಟ್ಟು ನೋಡು. ನನ್ನ ಮೊಮ್ಮಗಳು ಹೀಗೆಯೇ ಕಲಿತಳು, ಈಗ ಬೆಳಿಗ್ಗೆ ತಂಗಳು ಪುಂಡಿಪಲ್ಯ ಉಳಿದಿದೆಯೇ ಎಂದು ಅವಳೇ ಕೇಳುತ್ತಾಳೆ.

ಎರೆಹೊಲ, ಸಿಂಧನೂರು

ಅಕ್ಕಾವರೇ, ಅಡುಗೆಯ ಬಗ್ಗೆ ಅಮ್ಮನವರು ಹೇಳಿದ ಮೇಲೆ ನಾನು ಸೇರಿಸುವುದು ಹೆಚ್ಚೇನೂ ಇಲ್ಲ. ನಾನು ಕೃಷಿಕ, ಕಾಲುವೆ ನೀರಿನಲ್ಲಿ ಭತ್ತ ಬೆಳೆಯುತ್ತೇನೆ, ಬದುವಿನ ಮೇಲೆ ಮತ್ತು ಮನೆಯ ಹಿಂದೆ ಮನೆಗೆ ಬೇಕಾದ ಕಾಯಿಪಲ್ಲೆ ಹಾಕುತ್ತೇನೆ. ಕಹಿ ಹೀರೇಕಾಯಿಯ ವಿಷಯವನ್ನು ಮೊದಲು ಹೇಳಬೇಕು, ಏಕೆಂದರೆ ಅದು ಬರೀ ರುಚಿಯ ಮಾತಲ್ಲ.

ಹೀರೆ, ಸೋರೆ, ಸೌತೆ ಇವೆಲ್ಲ ಒಂದೇ ಕುಲದ ಬಳ್ಳಿಗಳು. ಇವುಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ಅಂಶವಿರುತ್ತದೆ. ಊಟದ ತಳಿಗಳಲ್ಲಿ ಅದು ತೀರಾ ಕಡಿಮೆ. ಆದರೆ ಬಳ್ಳಿಗೆ ನೀರು ಸಾಲದೆ ಬಿಸಿಲಿಗೆ ಬಳಲಿದರೆ, ಅಥವಾ ಬೇಲಿಯಲ್ಲಿ ತಾನಾಗಿ ಬೆಳೆಯುವ ಕಹಿ ಹೀರೆಯ ಪರಾಗ ಬಿದ್ದ ಕಾಯಿಯ ಬೀಜ ಹಾಕಿದ್ದರೆ, ಆ ಅಂಶ ಹೆಚ್ಚುತ್ತದೆ. ಬೇಯಿಸಿದರೆ ಅದು ಹೋಗುವುದಿಲ್ಲ, ಉಪ್ಪು ಹುಳಿ ಬೆಲ್ಲ ಹಾಕಿದರೂ ಹೋಗುವುದಿಲ್ಲ. ಹೆಚ್ಚು ತಿಂದರೆ ವಾಂತಿ, ಹೊಟ್ಟೆನೋವು, ಭೇದಿ ಆಗುತ್ತದೆ; ಕಹಿ ಸೋರೆಕಾಯಿ ರಸ ಕುಡಿದು ಪ್ರಾಣ ಹೋದ ಪ್ರಕರಣಗಳು ನಮ್ಮ ದೇಶದಲ್ಲೇ ನಡೆದಿವೆ. ಆದ್ದರಿಂದ ನೀವು ಚೆಲ್ಲಿದ್ದೇ ಸರಿ, ಸಂಕಟಪಡಬೇಡಿ. ಇನ್ನು ಮುಂದೆ ಪ್ರತಿಯೊಂದು ಕಾಯಿಯ ತೊಟ್ಟಿನ ಕಡೆಯಿಂದ ಉಗುರಿನಷ್ಟು ಹೋಳು ಕತ್ತರಿಸಿ ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿ ಇದ್ದರೆ ಉಗುಳಿ ಆ ಕಾಯಿಯನ್ನು ಬಿಟ್ಟುಬಿಡಿ. ಕಹಿ ಕಾಯಿ ಎರಡರಲ್ಲಿ ಯಾವ ಬಳ್ಳಿಯದು ಎಂದು ಗುರುತು ಹಚ್ಚಿ. ಒಂದೇ ಬಳ್ಳಿ ಮತ್ತೆ ಮತ್ತೆ ಕಹಿ ಕೊಡುತ್ತಿದ್ದರೆ ಕಿತ್ತುಹಾಕಿ, ಅದರಿಂದ ಬೀಜ ಮಾತ್ರ ಹಿಡಿಯಬೇಡಿ.

ಹಿಡಿ ಹಿಡಿ ಬರುವುದನ್ನು ಸ್ವಲ್ಪ ಸರಿದೂಗಿಸಬಹುದು. ಎಲ್ಲ ಕಾಯಿಯೂ ಒಂದೇ ರೀತಿ ಕಾಯುವುದಿಲ್ಲ. ಬೆಂಡೆ ಮತ್ತು ಚವಳಿ ಗಿಡದ ಮೇಲೆ ಕಾಯುವುದಿಲ್ಲ, ಎರಡು ದಿನ ಬಿಟ್ಟರೆ ನಾರಾಗುತ್ತವೆ, ಜೊತೆಗೆ ಗಿಡ ಬೀಜಕ್ಕೆ ಶಕ್ತಿ ಕೊಟ್ಟು ಹೊಸ ಹೂವು ಕಡಿಮೆ ಮಾಡುತ್ತದೆ. ಇವನ್ನು ದಿನ ಬಿಟ್ಟು ದಿನ ಕೀಳಲೇಬೇಕು. ಬೆಂಡೆಕಾಯಿಯ ತುದಿ ಬೆರಳಿಗೆ ಲಟಕ್ಕನೆ ಮುರಿಯಬೇಕು, ಬಾಗಿದರೆ ಬಲಿತಿದೆ ಎಂದರ್ಥ. ಕಿತ್ತ ಚವಳಿಕಾಯಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಎರಡು ಮೂರು ದಿನ ಇರುತ್ತದೆ, ಹೀಗಾಗಿ ಎರಡು ಸಲದ್ದನ್ನು ಕೂಡಿಸಿ ಒಂದು ಪಲ್ಯ ಮಾಡಬಹುದು. ಬದನೆಕಾಯಿ ಇದಕ್ಕೆ ತಿರುಗು ಮುರುಗು. ಅದು ಗಿಡದ ಮೇಲೆ ಎರಡು ಮೂರು ದಿನ ಕಾಯುತ್ತದೆ, ಕಿತ್ತ ಮೇಲೆ ಬೇಗ ಬಾಡುತ್ತದೆ. ಸಿಪ್ಪೆಯ ಹೊಳಪು ಇರುವ ತನಕ ಗಿಡದಲ್ಲೇ ಬಿಟ್ಟು ಐದಾರು ಒಟ್ಟಾದಾಗ ಒಂದೇ ಸಲ ಕೀಳಿ. ಹೊಳಪು ಹೋದರೆ ಒಳಗೆ ಬೀಜ ಗಟ್ಟಿಯಾಗಿರುತ್ತದೆ.

ಮೆಂತ್ಯೆಯ ಮಡಿಯನ್ನು ಇಡಿಯಾಗಿ ಬಿತ್ತಿದ್ದೀರಿ ಎಂದು ಕಾಣುತ್ತದೆ. ಮುಂದಿನ ಸಲ ಮಡಿಯನ್ನು ಮೂರು ಪಾಲು ಮಾಡಿ, ಹತ್ತು ಹನ್ನೆರಡು ದಿನಕ್ಕೊಂದು ಪಾಲು ಬಿತ್ತಿರಿ. ಮೆಂತ್ಯೆ 25ರಿಂದ 30 ದಿನಕ್ಕೆ ಕೀಳಲು ಬರುವುದರಿಂದ ಒಂದು ಪಾಲು ಮುಗಿಯುವಾಗ ಇನ್ನೊಂದು ಸಿದ್ಧವಿರುತ್ತದೆ. ಪುಂಡಿಯನ್ನು ಬುಡಸಮೇತ ಕೀಳಬೇಡಿ, ಕುಡಿ ಚಿವುಟಿದರೆ ಪಕ್ಕದಿಂದ ಮತ್ತೆ ಒಡೆಯುತ್ತದೆ. ಆದರೆ ಹಗಲು ಗಿಡ್ಡವಾಗುತ್ತಾ ಬಂದಂತೆ ಅದು ಹೂವಿಗೆ ತಿರುಗಿ ಎಲೆ ಒರಟಾಗುತ್ತದೆ, ಆದ್ದರಿಂದ ದಸರೆಯ ತನಕ ಧಾರಾಳವಾಗಿ ಬಳಸಿಕೊಳ್ಳಿ.

ಸಂಜೆಪಾಳಿ, ಬಳ್ಳಾರಿ

ನಾನೂ ಕೆಲಸಕ್ಕೆ ಹೋಗುವವಳು, ಹೀಗಾಗಿ ಆರರಿಂದ ಎಂಟೂವರೆಯ ಆ ಓಟ ನನಗೆ ಚೆನ್ನಾಗಿ ಗೊತ್ತು. ರಾಯಚೂರಿನ ಅಮ್ಮನವರ ಎಣ್ಣೆಗಾಯಿ ಬಹಳ ಚೆನ್ನಾಗಿದೆ, ಆದರೆ ದಿನವೂ ಹುರಿದು ಅರೆಯುವುದು ನಮ್ಮಂಥವರಿಂದ ಆಗುವುದಿಲ್ಲ. ನಾನು ಭಾನುವಾರ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ ಎಲ್ಲವನ್ನೂ ಹುರಿದು, ತಣಿದ ಮೇಲೆ ಒಣಗಿದ ಜಾರಿನಲ್ಲಿ ಪುಡಿ ಮಾಡಿ ಡಬ್ಬಿಗೆ ತುಂಬುತ್ತೇನೆ. ಉಳ್ಳಾಗಡ್ಡಿ, ಹುಣಸೆಹಣ್ಣು ಆ ದಿನದ್ದೇ ಆಗಬೇಕು. ಪುಡಿ ಇದ್ದರೆ ಸಂಜೆಯ ಅಡುಗೆಯಲ್ಲಿ ಇಪ್ಪತ್ತು ನಿಮಿಷ ಉಳಿಯುತ್ತದೆ. ಶೇಂಗಾದ ಪುಡಿ ಎಣ್ಣೆ ಬಿಟ್ಟು ಕಮಟುವುದರಿಂದ ಹತ್ತು ದಿನಕ್ಕಿಂತ ಹೆಚ್ಚಿನದಕ್ಕೆ ಮಾಡಿಕೊಳ್ಳಬೇಡಿ.

ನಮ್ಮ ಬಳ್ಳಾರಿ, ಸಿರುಗುಪ್ಪ ಕಡೆ ಪಪ್ಪು ಇಲ್ಲದ ಊಟ ಕಡಿಮೆ. ಕಾಯಿ ಕಡಿಮೆ ಇದ್ದಾಗ ಬೇಳೆಯೇ ಕೈ ಹಿಡಿಯುತ್ತದೆ. ಒಂದೂವರೆ ಬಟ್ಟಲು ತೊಗರಿಬೇಳೆ, ಒಂದು ಹೀರೇಕಾಯಿ, ಎರಡು ಟೊಮೆಟೊ, ಆರು ಹಸಿಮೆಣಸಿನಕಾಯಿ, ಸ್ವಲ್ಪ ಹುಣಸೆಹಣ್ಣು. ಬೇಳೆ ಬೆಂದ ಮೇಲೆ ಮಿಕ್ಕಿದ್ದನ್ನೆಲ್ಲ ಹಾಕಿ ಕುದಿಸಿ ಮಸೆದು ಒಗ್ಗರಣೆ ಕೊಟ್ಟರೆ ಆರು ಮಂದಿಗೆ ಅನ್ನಕ್ಕೂ ರೊಟ್ಟಿಗೂ ಆಗುತ್ತದೆ. ಹೀರೇಕಾಯಿಯ ಜಾಗದಲ್ಲಿ ಮೆಂತ್ಯೆ, ನುಗ್ಗೆಸೊಪ್ಪು, ಯಾವುದಾದರೂ ಸರಿ. ಹೀರೇಕಾಯಿಯ ಏಣು ಹೆರೆದಾಗ ಬರುವ ಸಿಪ್ಪೆಯನ್ನು ಬಿಸಾಡಬೇಡಿ: ಎಣ್ಣೆಯಲ್ಲಿ ಗರಿಯಾಗುವಂತೆ ಹುರಿದು, ಹಸಿಮೆಣಸಿನಕಾಯಿ, ಎಳ್ಳು, ಹುಣಸೆಹಣ್ಣು ಸೇರಿಸಿ ಅರೆದರೆ ಮರುದಿನ ಬೆಳಿಗ್ಗೆಗೂ ಉಳಿಯುವ ಚಟ್ನಿಯಾಗುತ್ತದೆ.

ಒಂದು ಸಣ್ಣ ಉಪಾಯ: ಚವಳಿಕಾಯಿ ಬೇಗ ಬೇಯಬೇಕೆಂದರೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ. ಹಸಿರು ಬಣ್ಣವೂ ಉಳಿಯುತ್ತದೆ.

ಒಲೆಮುಂದೆ, ರಾಯಚೂರು

ಬಳ್ಳಾರಿಯ ತಂಗಿ ಹೇಳಿದ್ದರಲ್ಲಿ ಪುಡಿ ಮಾಡಿಡುವ ಮಾತು ನನಗೆ ಬಹಳ ಹಿಡಿಸಿತು. ಸೋಡಾದ ಮಾತನ್ನು ಮಾತ್ರ ಒಪ್ಪಲಾರೆ. ಸೋಡಾ ಹಾಕಿದರೆ ಕಾಯಿ ಮೆತ್ತಗಾಗುವುದು ನಿಜ, ಬಣ್ಣ ಉಳಿಯುವುದೂ ನಿಜ. ಆದರೆ ಕಾಯಿಯ ಮೇಲ್ಮೈ ಲೊಳಲೊಳ ಆಗುತ್ತದೆ, ಸಾಬೂನಿನ ವಾಸನೆಯ ಹಾಗೆ ಒಂದು ರುಚಿ ಉಳಿಯುತ್ತದೆ, ಬಿ ಮತ್ತು ಸಿ ಜೀವಸತ್ವಗಳು ಸೋಡಾದ ಕ್ಷಾರಕ್ಕೆ ಬೇಗ ನಾಶವಾಗುತ್ತವೆ. ಅಂಗಡಿಯ ಬಲಿತ ಕಾಯಿಗೆ ಬೇರೆ ದಾರಿ ಇಲ್ಲದೆ ಸೋಡಾ ಹಾಕುತ್ತಿದ್ದರು ಎಂದಿಟ್ಟುಕೊಳ್ಳೋಣ, ಆದರೆ ಸಂಜೆ ಕಿತ್ತು ರಾತ್ರಿ ಬೇಯಿಸುವ ಎಳೆ ಕಾಯಿಗೆ ಅದು ಯಾಕೆ ಬೇಕು? ಬಲಿತ ಒಂದೆರಡು ಕಾಯಿ ಬಂದರೆ ಅವನ್ನು ಪಲ್ಯಕ್ಕೆ ಹಾಕದೆ ಬೇರೆ ಇಡು. ಹಾಗೆ ಕೂಡಿಟ್ಟ ಚವಳಿಕಾಯಿಯನ್ನು ಉಪ್ಪು ಹಾಕಿದ ಮಜ್ಜಿಗೆಯಲ್ಲಿ ನೆನೆಸಿ, ನಮ್ಮ ಊರಿನ ಬಿಸಿಲಿನಲ್ಲಿ ಗಲಗಲ ಅನ್ನುವ ತನಕ ಒಣಗಿಸಿದರೆ ಬಾಳಕ ಆಗುತ್ತದೆ. ಕಾಯಿಪಲ್ಲೆ ಇಲ್ಲದ ಏಪ್ರಿಲ್, ಮೇ ತಿಂಗಳಲ್ಲಿ ನಾಲ್ಕು ಕರಿದು ಅನ್ನ ಸಾರಿನ ಜೊತೆ ಇಟ್ಟರೆ ಮತ್ತೊಂದು ಪಲ್ಯ ಬೇಕಾಗುವುದಿಲ್ಲ.

ಮೆಂತ್ಯೆಯನ್ನು ದಿನವೂ ಬೇಯಿಸಬೇಕೆಂದಿಲ್ಲ ಎಂಬುದನ್ನು ಹೇಳಲು ಮರೆತಿದ್ದೆ. ಎಳೆ ಮೆಂತ್ಯೆಯನ್ನು ಚೆನ್ನಾಗಿ ತೊಳೆದು ಸಣ್ಣಗೆ ಹೆಚ್ಚಿ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಶೇಂಗಾ ಪುಡಿ, ಉಪ್ಪು, ಮೇಲೆ ಎರಡು ಚಮಚ ಕಾಯಿಸದ ಎಣ್ಣೆ ಹಾಕಿ ಕಲಸಿದರೆ ಪಚಡಿ. ಒಲೆಯೇ ಬೇಡ. ಚಳಿಗಾಲಕ್ಕೆ ಜೋಳದ ಹೊಲದಲ್ಲಿ ಹಕ್ಕರಕಿ ಸೊಪ್ಪು ಬಂದಾಗ ಅದನ್ನು ಹಸಿಯಾಗಿಯೇ ರೊಟ್ಟಿಯಲ್ಲಿ ಸುತ್ತಿ ತಿನ್ನುವುದಿಲ್ಲವೇ, ಹಾಗೆಯೇ ಇದು. ಮೆಂತ್ಯೆ ಸ್ವಲ್ಪ ಬಲಿತು ಕಹಿಯಾದರೆ ಕಡಲೆಹಿಟ್ಟು ಹಾಕಿ ಜುಣಕ ಮಾಡು. ಒಗ್ಗರಣೆಯಲ್ಲಿ ಸೊಪ್ಪು ಬಾಡಿದ ಮೇಲೆ ನೀರು ಹಾಕಿ ಕುದಿಸಿ, ಒಂದು ಕೈಯಲ್ಲಿ ಹಿಟ್ಟು ಉದುರಿಸುತ್ತಾ ಇನ್ನೊಂದು ಕೈಯಲ್ಲಿ ತಿರುವಿದರೆ ಗಂಟಾಗುವುದಿಲ್ಲ. ಎರಡು ಹಿಡಿ ಸೊಪ್ಪಿನಲ್ಲಿ ಆರು ಮಂದಿಗೆ ಆಗುವ ಪಲ್ಯ ಇದೊಂದೇ.

ಸಂಜೆಪಾಳಿ, ಬಳ್ಳಾರಿ

ಅಮ್ಮಾ, ನೀವು ಹೇಳಿದ್ದು ಸರಿ. ನಾನು ಸಂತೆಯ ಚವಳಿಕಾಯಿಯ ರೂಢಿಯಲ್ಲಿ ಹೇಳಿದೆ, ನಮಗೆ ಎರಡು ಮೂರು ದಿನದ ಹಿಂದೆ ಕಿತ್ತದ್ದೇ ಸಿಗುತ್ತದೆ. ಹಿತ್ತಲಿನ ಎಳೆ ಕಾಯಿಗೆ ಅದು ಬೇಡ. ಬಾಳಕವನ್ನು ಮೆಣಸಿನಕಾಯಿಯಲ್ಲಿ ಮಾತ್ರ ಮಾಡುತ್ತಿದ್ದೆ, ಚವಳಿಕಾಯಿಯಲ್ಲಿಯೂ ಮಾಡಿ ನೋಡುತ್ತೇನೆ. ಹಸಿಯಾಗಿಯೇ ಮಜ್ಜಿಗೆಗೆ ಹಾಕಬೇಕೋ, ಬೇಯಿಸಿ ಹಾಕಬೇಕೋ?

ಒಲೆಮುಂದೆ, ರಾಯಚೂರು

ನೀರಿನಲ್ಲಿ ಒಂದು ಕುದಿ ಬರಿಸಿ ಬಸಿದು ಹಾಕು. ರಾತ್ರಿ ಮಜ್ಜಿಗೆಯಲ್ಲಿ ನೆನೆಯಲಿ, ಹಗಲು ಬಿಸಿಲಿಗೆ ಹರಡು, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕು. ಮಜ್ಜಿಗೆ ಹೀರಿ ಮುಗಿಯುವ ತನಕ ಹೀಗೆ ಮಾಡಿ, ಆಮೇಲೆ ಪೂರ್ತಿ ಒಣಗಿಸು. ಮೋಡದ ದಿನಗಳಲ್ಲಿ ಶುರು ಮಾಡಬೇಡ, ಬೂಸರು ಹಿಡಿಯುತ್ತದೆ. ಮಳೆ ಹಿಂದೆಗೆದ ಮೇಲೆ ಮಾಡು.

ಹೀರೇಬಳ್ಳಿ, ಕೊಪ್ಪಳ

ಇಷ್ಟು ವಿವರವಾಗಿ ಉತ್ತರ ಬರುತ್ತದೆಂದು ನಾನು ಎಣಿಸಿರಲಿಲ್ಲ. ಎಲ್ಲರಿಗೂ ಮನಸಾರೆ ವಂದನೆ. ಒಂದು ವಾರ ಮಾಡಿ ನೋಡಿ ಈಗ ಬರೆಯುತ್ತಿದ್ದೇನೆ.

ಭಾನುವಾರ ಪುಡಿ ಮಾಡಿಟ್ಟುಕೊಂಡೆ. ಸೋಮವಾರ ನಾಲ್ಕು ಬದನೆಕಾಯಿ, ಒಂದು ಹೀರೇಕಾಯಿ, ಕೂಡಿಟ್ಟ ಎರಡು ಸಲದ ಚವಳಿಕಾಯಿ ಹಾಕಿ ಎಣ್ಣೆಗಾಯಿ ಮಾಡಿದೆ. ಚವಳಿಕಾಯಿ ಒಂದು ಒಲೆಯಲ್ಲಿ ಬೇಯುತ್ತಿದ್ದಾಗ ಜೋಳದ ಹಿಟ್ಟಿಗೆ ಎಸರು ಹೊಯ್ದು ನಾದಿಕೊಂಡೆ, ಪಲ್ಯ ಮುಚ್ಚಿಟ್ಟ ಹೊತ್ತಿನಲ್ಲಿ ರೊಟ್ಟಿ ತಟ್ಟಿದೆ. ಎಂಟು ಇಪ್ಪತ್ತಕ್ಕೆ ಮಾವನವರಿಗೆ ತಟ್ಟೆ ಇಟ್ಟೆ. ಅವರು ಏನೂ ಹೇಳಲಿಲ್ಲ, ಆದರೆ ಎರಡನೆಯ ರೊಟ್ಟಿಗೆ ಮತ್ತೆ ರಸ ಹಾಕಿಸಿಕೊಂಡರು. ಹೀರೇಕಾಯಿ ಬೆಂದು ಕುಗ್ಗಿದ ಮೇಲೆ ಉಪ್ಪು ನೋಡಬೇಕೆಂಬ ಮಾತು ನನಗೆ ಬಹಳ ಉಪಕಾರವಾಯಿತು. ಇಷ್ಟು ದಿನ ನನ್ನ ಹೀರೇಕಾಯಿ ಪಲ್ಯ ಉಪ್ಪಾಗುತ್ತಿದ್ದುದು ಯಾಕೆಂದು ತಿಳಿಯುತ್ತಿರಲಿಲ್ಲ.

ಬುಧವಾರ ಪುಂಡಿಪಲ್ಯ ಮಾಡಿದೆ. ನಮ್ಮದು ಕೆಂಪು ಕಾಂಡದ್ದೇ. ನೀರು ಬಸಿದು, ನುಚ್ಚು ಹೆಚ್ಚು ಹಾಕಿ, ಒಂದು ಗಡ್ಡೆ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟೆ. ದೊಡ್ಡವನು ತಿಂದ. ಚಿಕ್ಕವಳು ಎರಡು ತುತ್ತು ತಿಂದು ಇನ್ನೂ ಹುಳಿ ಅಂದಳು, ಬೆಣ್ಣೆ ಹಾಕಿದ ಮೇಲೆ ಇನ್ನೆರಡು ತುತ್ತು ತಿಂದಳು. ಒತ್ತಾಯ ಮಾಡಲಿಲ್ಲ, ಮುಂದಿನ ವಾರ ಮತ್ತೆ ಮಾಡುತ್ತೇನೆ. ಅತ್ತೆಯವರಿಗೆ ಹಲ್ಲಿನ ತೊಂದರೆ ಇರುವುದರಿಂದ ರೊಟ್ಟಿಯನ್ನು ಬಿಸಿ ಪುಂಡಿಪಲ್ಯದಲ್ಲಿ ಮುರಿದು ಹಾಕಿ ಐದು ನಿಮಿಷ ಮುಚ್ಚಿಟ್ಟು ಕೊಟ್ಟೆ. ಮೆತ್ತಗೆ ನೆನೆದಿತ್ತು. ಚಿಕ್ಕಂದಿನಲ್ಲಿ ತವರಿನಲ್ಲಿ ಹೀಗೆಯೇ ತಿನ್ನುತ್ತಿದ್ದೆವೆಂದು ಹೇಳಿ ಬಟ್ಟಲು ಖಾಲಿ ಮಾಡಿದರು.

ಎರೆಹೊಲದ ಅಣ್ಣನವರು ಹೇಳಿದ ಹಾಗೆ ಎರಡೂ ಬಳ್ಳಿಯ ಕಾಯಿಗಳನ್ನು ಬೇರೆ ಬೇರೆ ಬುಟ್ಟಿಯಲ್ಲಿ ಕಿತ್ತು ತೊಟ್ಟಿನ ಹೋಳನ್ನು ರುಚಿ ನೋಡಿದೆ. ಮೂಲೆಯ ಬಳ್ಳಿಯ ಎರಡು ಕಾಯಿಯೂ ಕಹಿ, ಬಾಗಿಲ ಹತ್ತಿರದ್ದು ಎಲ್ಲವೂ ಚೆನ್ನಾಗಿದ್ದವು. ಮೂಲೆಗೆ ಪೈಪಿನ ನೀರು ಸರಿಯಾಗಿ ತಲುಪುವುದಿಲ್ಲ ಎಂಬುದು ಆಗ ಗಮನಕ್ಕೆ ಬಂತು. ಆ ಬಳ್ಳಿಗೆ ನೀರು ಕೊಟ್ಟು ನೋಡಲೇ, ಅಥವಾ ಕಿತ್ತುಬಿಡಲೇ?

ಎರೆಹೊಲ, ಸಿಂಧನೂರು

ಎಂಟು ಹತ್ತು ದಿನ ಬುಡದಲ್ಲಿ ತೇವ ಆರದಂತೆ ನೀರು ಕೊಟ್ಟು, ಒಣಹುಲ್ಲಿನ ಮುಚ್ಚಿಗೆ ಹಾಕಿ, ಆಮೇಲೆ ಹೊಸದಾಗಿ ಕಟ್ಟಿದ ಕಾಯಿಯನ್ನು ರುಚಿ ನೋಡಿ. ಈಗ ಬಳ್ಳಿಯಲ್ಲಿರುವ ಕಾಯಿಗಳನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಿ, ಅಡುಗೆಗೆ ಬೇಡ. ಹೊಸ ಕಾಯಿಯೂ ಕಹಿಯಾದರೆ ದೋಷ ಬೀಜದ್ದು, ಬಳ್ಳಿಯನ್ನು ಕಿತ್ತು ಆ ಜಾಗಕ್ಕೆ ಅವರೆ ಹಾಕಿ, ಚಳಿಗಾಲಕ್ಕೆ ಕಾಯಿ ಬರುತ್ತದೆ. ಬಾಗಿಲ ಹತ್ತಿರದ ಬಳ್ಳಿಯಲ್ಲಿ ಬುಡದ ಕಡೆಯ ಒಂದು ಒಳ್ಳೆಯ ಕಾಯಿಯನ್ನು ಬೀಜಕ್ಕೆ ಬಿಡಬಹುದು. ಆದರೆ ಕಹಿ ಬಳ್ಳಿಯ ಪರಾಗ ಜೇನುನೊಣದ ಮೂಲಕ ಬಂದಿರಬಾರದು. ಹೀರೆಯ ಹೂವು ಸಂಜೆ ಅರಳುತ್ತದೆ. ಮಧ್ಯಾಹ್ನವೇ ಒಂದು ಹೆಣ್ಣುಹೂವಿನ ಮೊಗ್ಗಿಗೆ ತೆಳು ಬಟ್ಟೆಯ ಚೀಲ ಕಟ್ಟಿ, ಅದೇ ಬಳ್ಳಿಯ ಒಂದು ಗಂಡುಹೂವಿನ ಮೊಗ್ಗಿಗೂ ಕಟ್ಟಿ, ಅರಳಿದ ಮೇಲೆ ಗಂಡುಹೂವನ್ನು ಕಿತ್ತು ಹೆಣ್ಣುಹೂವಿಗೆ ಸವರಿ ಮತ್ತೆ ಚೀಲ ಕಟ್ಟಿ. ಕಾಯಿ ಹಿಡಿದ ಮೇಲೆ ಚೀಲ ತೆಗೆದು ತೊಟ್ಟಿಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ.

ಹೀರೇಬಳ್ಳಿ, ಕೊಪ್ಪಳ

ಇಂದು ಸಂಜೆ ಮಗನನ್ನು ಕರೆದುಕೊಂಡು ಒಂದು ಹೂವಿಗೆ ಹಾಗೆಯೇ ಮಾಡಿದೆವು. ಚೀಲಕ್ಕೆ ನನ್ನ ಹಳೆಯ ವಾಯಲ್ ಸೀರೆಯ ತುಂಡು ಆಯಿತು. ಮೂಲೆಯ ಬಳ್ಳಿಯ ಕಾಯಿಗಳನ್ನು ಕಿತ್ತು ಗುಂಡಿಗೆ ಹಾಕಿದ್ದೇನೆ, ಬುಡಕ್ಕೆ ಒಣಹುಲ್ಲು ಹರಡಿ ಎರಡು ಕೊಡ ನೀರು ಹೊಯ್ದಿದ್ದೇನೆ. ಹತ್ತು ದಿನ ಕಳೆದ ಮೇಲೆ ರುಚಿ ನೋಡಿ ಇಲ್ಲಿಯೇ ತಿಳಿಸುತ್ತೇನೆ. ಇವತ್ತಿನ ಬುಟ್ಟಿಯಲ್ಲಿ ಹನ್ನೊಂದು ಬೆಂಡೆಕಾಯಿ, ಎರಡು ಹಿಡಿ ಮೆಂತ್ಯೆ ಇದ್ದವು. ಜುಣಕ ಒಲೆಯ ಮೇಲಿದೆ.